ಮೈನಸ್ 20ರಲ್ಲಿ ಬಂದ ಮೀನಿನ ಡಬ್ಬಿ: ಸತ್ತಿದ್ದಕ್ಕೆ ಯಾರು ಹೊಣೆ?

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡೂವರೆ ಸ್ಟಾರ್. ಅಂಗಡಿಯ ಹೆಸರು ಹಾಕುತ್ತಿಲ್ಲ. ಅಕ್ವೇರಿಯಂಗೆ ಜೀವಂತ ಮೀನು ಮಾರುವ, ಗಂಡ ಹೆಂಡತಿ ಸೇರಿ ನಡೆಸುವ ಚಿಕ್ಕ ಆನ್‌ಲೈನ್ ಅಂಗಡಿ, ಅಮೆರಿಕದ ದಕ್ಷಿಣದ ಕಡೆಯದು. ನಾನಿರುವುದು ಉತ್ತರದ ಚಳಿ ರಾಜ್ಯ ಮಿನೆಸೋಟಾದಲ್ಲಿ. ಇಲ್ಲಿ ಜನವರಿಯಲ್ಲಿ ಮೀನು ತರಿಸುವ ನಮ್ಮ ಕನ್ನಡದವರು ಯಾರಾದರೂ ಇದ್ದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಬೆಂಗಳೂರಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಮೀನು ಹಾಕಿಸಿಕೊಂಡು ಸ್ಕೂಟರ್‌ಗೆ ನೇತುಹಾಕಿ ಮನೆಗೆ ತಂದು ಅಭ್ಯಾಸವಾದವರಿಗೆ ಈ ಚಳಿಯ ಲೆಕ್ಕಾಚಾರ ತಲೆಗೆ ಬರುವುದೇ ಇಲ್ಲ.

ತರಿಸಿದ್ದು 12 ಕಾರ್ಡಿನಲ್ ಟೆಟ್ರಾ, 6 ಕೋರಿಡೋರಾಸ್ (ಎರಡೂ ಚಿಕ್ಕ ಮೀನು), 20 ಚೆರ್ರಿ ಶ್ರಿಂಪ್ (ಪುಟ್ಟ ಸಿಗಡಿ). ಇವರ ಪ್ರಾಣಿಗಳ ಗುಣದ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಬೇಸಿಗೆಯಲ್ಲಿ ತರಿಸಿದ್ದ ಮೀನುಗಳು ಈಗಲೂ ಚೆನ್ನಾಗಿವೆ, ಬಣ್ಣ ಚೆಂದ, ರೋಗ ಇಲ್ಲ. ಕಳಿಸುವ ಮುಂಚೆ ಮೀನಿಗೆ ಊಟ ನಿಲ್ಲಿಸಿರುತ್ತಾರೆ, ದಾರಿಯಲ್ಲಿ ನೀರು ಗಲೀಜಾಗದಿರಲಿ ಅಂತ. ಚೀಲದಲ್ಲಿ ನೀರು ಕಮ್ಮಿ, ಆಕ್ಸಿಜನ್ ಜಾಸ್ತಿ. ಸೋಮವಾರ, ಮಂಗಳವಾರ ಮಾತ್ರ ಕಳಿಸುತ್ತಾರೆ, ಶನಿವಾರ ಭಾನುವಾರ ಗೋಡೌನ್‌ನಲ್ಲಿ ಸಿಕ್ಕಿಕೊಳ್ಳದಿರಲಿ ಅಂತ. ಕೆಲಸ ಗೊತ್ತಿರುವವರೇ.

ಈ ಸಲ ಆಗಿದ್ದು ಬೇರೆ. ಒಂದೇ ರಾತ್ರಿಯಲ್ಲಿ ತಲುಪಬೇಕಾದ ಡಬ್ಬಿ ಹಿಮದಿಂದಾಗಿ ನಡುದಾರಿಯ ಪಾರ್ಸೆಲ್ ವಿಂಗಡಿಸುವ ಹಬ್‌ನಲ್ಲಿ ಒಂದು ದಿನ ಕೂತಿತು. ಇದು ಇಲ್ಲಿ ಹೊಸದೇನಲ್ಲ. ಕೊರಿಯರ್ ಕಂಪನಿ ಯುಪಿಎಸ್‌ನ ದೊಡ್ಡ ಹಬ್ ಕೆಂಟಕಿಯ ಲೂಯಿವಿಲ್‌ನಲ್ಲಿದೆ, ಫೆಡೆಕ್ಸ್‌ನದು ಟೆನೆಸಿಯ ಮೆಂಫಿಸ್‌ನಲ್ಲಿ. ಕಳಿಸುವವರ ಊರಲ್ಲೂ ನಿಮ್ಮೂರಲ್ಲೂ ಬಿಸಿಲು ಹೊಡೆಯುತ್ತಿರಲಿ, ಅಲ್ಲಿ ಹಿಮ ಸುರಿದರೆ ಮುಗೀತು, ದೇಶದ ಪಾರ್ಸೆಲ್ಲೆಲ್ಲ ತಡ. ನಮ್ಮೂರಲ್ಲಂತೂ ಆ ವಾರ ರಾತ್ರಿ ಮೈನಸ್ 20 ಡಿಗ್ರಿ ಸೆಲ್ಸಿಯಸ್.

ಡಬ್ಬಿ ತೆಗೆದಾಗ ಚೀಲದ ನೀರು 14 ಡಿಗ್ರಿ ಇತ್ತು. 7 ಟೆಟ್ರಾ, 1 ಕೋರಿಡೋರಾಸ್ ಸತ್ತಿದ್ದವು. ಶ್ರಿಂಪ್ 20ಕ್ಕೆ 20 ಬದುಕಿದ್ದವು, ಮಾರನೇ ದಿನವೇ ಪಾಚಿ ಮೇಯುತ್ತಿದ್ದವು. ಅದರಲ್ಲಿ ಆಶ್ಚರ್ಯ ಇಲ್ಲ, ಚೆರ್ರಿ ಶ್ರಿಂಪ್ ತಣ್ಣನೆಯ ನೀರನ್ನು ಚೆನ್ನಾಗಿಯೇ ತಡೆಯುತ್ತದೆ. ಕಾರ್ಡಿನಲ್ ಟೆಟ್ರಾ ಹಾಗಲ್ಲ, ಅದು ದಕ್ಷಿಣ ಅಮೆರಿಕದ ರಿಯೋ ನೆಗ್ರೋ ಕಡೆಯ ಬೆಚ್ಚನೆಯ ನೀರಿನ ಮೀನು.

ಮೀನು ಜೀವಂತ ತಲುಪುತ್ತದೆ ಅನ್ನುವ ಅವರ ಗ್ಯಾರಂಟಿ ಎಲ್ಲರದೂ ಇರುವ ಹಾಗೇ ಇದೆ: ಡಬ್ಬಿ ಬಂದ 2 ಗಂಟೆಯೊಳಗೆ, ಚೀಲ ಬಿಚ್ಚದೆ, ಸತ್ತ ಮೀನಿನ ಫೋಟೋ ಕಳಿಸಬೇಕು. ಕಳಿಸಿದೆ. ಸಂಜೆಗೆ ಉತ್ತರ ಬಂತು, ಮರ್ಯಾದೆಯಿಂದಲೇ ಬರೆದಿದ್ದರು, ಆದರೆ ವಿಷಯ ಇಷ್ಟೇ: ತಡ ಮಾಡಿದ್ದು ಕೊರಿಯರ್‌ನವರು, ಹವಾಮಾನದಿಂದಾದ ತಡಕ್ಕೆ ಗ್ಯಾರಂಟಿ ಇಲ್ಲ, ಪಾಪ ಅಂತ ಅರ್ಧ ದುಡ್ಡಿನ ಸ್ಟೋರ್ ಕ್ರೆಡಿಟ್ (ಅದೇ ಅಂಗಡಿಯಲ್ಲಿ ಮುಂದೆ ಖರ್ಚು ಮಾಡುವ ದುಡ್ಡು) ಕೊಡುತ್ತೇವೆ. ಹವಾಮಾನದ ಷರತ್ತು ಅವರ ಪುಟದಲ್ಲಿ ನಿಜವಾಗಿಯೂ ಬರೆದಿದೆ, ಸುಳ್ಳು ಹೇಳಿಲ್ಲ.

ಆದರೆ ನಾನು ಡಬ್ಬಿಯನ್ನು ಇನ್ನೂ ಎಸೆದಿರಲಿಲ್ಲ. ಡಬ್ಬಿ ಬೆಚ್ಚಗಿರಲಿ ಅಂತ ಅದರೊಳಗೆ ಇಟ್ಟಿದ್ದ ಹೀಟ್ ಪ್ಯಾಕ್ ಕೈಗೆತ್ತಿಕೊಂಡರೆ ಮೆತ್ತಗಿತ್ತು. ಈ ಪ್ಯಾಕ್‌ನಲ್ಲಿ ಇರುವುದು ಕಬ್ಬಿಣದ ಪುಡಿ. ಗಾಳಿ ತಗುಲಿದಾಗ ಅದು ತುಕ್ಕು ಹಿಡಿಯುತ್ತದೆ, ಆ ತುಕ್ಕು ಹಿಡಿಯುವಾಗಲೇ ಬಿಸಿ ಹುಟ್ಟುತ್ತದೆ. ಪೂರ್ತಿ ಉರಿದು ಮುಗಿದ ಪ್ಯಾಕ್ ಒಳಗೆ ಗಟ್ಟಿಯಾಗಿ ಹೆಂಟೆ ಕಟ್ಟಿರುತ್ತದೆ. ಇದು ಪುಡಿಪುಡಿಯಾಗಿಯೇ ಇತ್ತು. ಟೇಬಲ್ ಮೇಲಿಟ್ಟು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮತ್ತೆ ಬಿಸಿಯಾಗುತ್ತಿದೆ! ಅಂದರೆ ಅದು ಖಾಲಿಯಾಗಿರಲಿಲ್ಲ, ಉಸಿರುಕಟ್ಟಿ ನಿಂತುಹೋಗಿತ್ತು. ಒಳಗಿನ ಪ್ಲಾಸ್ಟಿಕ್ ಹಾಸನ್ನು ಹೀಟ್ ಪ್ಯಾಕ್ ಸಮೇತ ಗಂಟು ಕಟ್ಟಿದ್ದರು, ಮೇಲಿಂದ ಥರ್ಮೋಕೋಲ್ ಡಬ್ಬಿಗೆ ಸುತ್ತಲೂ ಟೇಪ್, ಗಾಳಿಗೆ ಒಂದು ತೂತೂ ಇಲ್ಲ. ಚಳಿ ಒಳಗೆ ಹೋಗದಿರಲಿ ಅಂತ ಮಾಡಿದ್ದು, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಿರಬಹುದು, ಆದರೆ ಗಾಳಿ ಇಲ್ಲದ ಮೇಲೆ ಹೀಟ್ ಪ್ಯಾಕ್ ಇದ್ದೂ ಒಂದೇ ಇಲ್ಲದೆಯೂ ಒಂದೇ.

ಜೊತೆಗೆ ಅದು 40 ಗಂಟೆಯ ಪ್ಯಾಕ್. 72 ಗಂಟೆಯದೂ ಸಿಗುತ್ತದೆ. ಒಂದೇ ರಾತ್ರಿಯ ದಾರಿಗೆ 40 ಸಾಕು ಅನ್ನುವುದು ಅವರ ಲೆಕ್ಕ, ಸರಿ, ಹಿಮದ ಮುನ್ಸೂಚನೆ ಇರುವ ವಾರದಲ್ಲಿ ಆ ಲೆಕ್ಕ ಯಾಕೆ ನಂಬಬೇಕು?

ನನ್ನ ಜಗಳ ಇರುವುದು ಇಲ್ಲೇ. ಕಳಿಸುವ ದಿನ ಆರಿಸಿದ್ದು ಅವರು. ಪ್ಯಾಕ್ ಮಾಡಿದ್ದು ಅವರು. ಮುನ್ಸೂಚನೆ ನೋಡಿ "ಈ ವಾರ ಬೇಡ" ಅನ್ನುವ ಅಧಿಕಾರ ಇದ್ದದ್ದೂ ಅವರಿಗೇ, ಯಾಕೆಂದರೆ ಅವರದೇ ಪುಟದಲ್ಲಿ "ಕಳಿಸುವ ದಿನ ನಮ್ಮ ತೀರ್ಮಾನ" ಅಂತಿದೆ. ತೀರ್ಮಾನ ಅವರದು, ನಷ್ಟ ಮಾತ್ರ ನಮ್ಮದು ಅಂದರೆ ಹೇಗೆ ಅಲ್ವಾ? ಕೊರಿಯರ್‌ನವರ ಮೇಲೆ ಹಾಕುವುದು ಸುಲಭ. ಅವರು ಪಾರ್ಸೆಲ್ ಸಾಗಿಸುತ್ತಾರೆ, ಒಳಗಿನ ಜೀವಕ್ಕೆ ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲ. ಅದು ಗೊತ್ತಿದ್ದೇ ಮೀನು ಮಾರುವವರು ಈ ವ್ಯಾಪಾರಕ್ಕೆ ಇಳಿದಿರುತ್ತಾರೆ.

ಕಾನೂನು ನೋಡಿದರೆ ಇನ್ನೂ ಬೇಜಾರು. ಅಮೆರಿಕದ ವ್ಯಾಪಾರ ಕಾನೂನಾದ ಯೂನಿಫಾರ್ಮ್ ಕಮರ್ಷಿಯಲ್ ಕೋಡ್‌ನ 2-509ನೇ ಕಲಂ ಪ್ರಕಾರ, ಇಂಥ ಜಾಗಕ್ಕೇ ತಲುಪಿಸುತ್ತೇವೆ ಅಂತ ಒಪ್ಪಂದದಲ್ಲಿ ಇಲ್ಲದಿದ್ದರೆ, ಮಾಲು ಕೊರಿಯರ್ ಕೈಗೆ ಸೇರಿದ ಕೂಡಲೇ ನಷ್ಟದ ಅಪಾಯ ಕೊಂಡವರದು. ಹಾಗಾಗಿ ಇಲ್ಲಿ "ಜೀವಂತ ತಲುಪುವ ಗ್ಯಾರಂಟಿ" ಅನ್ನುವುದು ಅಂಗಡಿಯವರು ತಾವಾಗಿ ಕೊಡುವ ಮಾತು, ಅದರ ಷರತ್ತೇ ನಿಮಗಿರುವ ರಕ್ಷಣೆ. ಬ್ರಿಟನ್‌ನಲ್ಲಿ ಉಲ್ಟಾ. ಅಲ್ಲಿನ 2015ರ ಕನ್ಸ್ಯೂಮರ್ ರೈಟ್ಸ್ ಆಕ್ಟ್ ಪ್ರಕಾರ, ಮಾರುವವರೇ ಕೊರಿಯರ್ ಗೊತ್ತುಮಾಡಿದ್ದರೆ, ಮಾಲು ಗಿರಾಕಿಯ ಕೈಗೆ ಬರುವವರೆಗೂ ಅಪಾಯ ಮಾರಿದವರದೇ. ನನಗೆ ಅದೇ ನ್ಯಾಯ ಅನ್ನಿಸುತ್ತದೆ, ಅದರಲ್ಲೂ ಒಳಗಿರುವುದು ಚಪ್ಪಲಿ ಅಲ್ಲ, ಉಸಿರಾಡುವ ಪ್ರಾಣಿ.

ಗಿರಾಕಿಗೆ ಜವಾಬ್ದಾರಿಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಡಬ್ಬಿ ಬಾಗಿಲ ಮುಂದೆ ಹಿಮದಲ್ಲಿ ಕೂರದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ನಾನು ಕೊರಿಯರ್ ಆಫೀಸಲ್ಲೇ ಹಿಡಿದಿಡಲು ಹೇಳಿ, ಹೋಗಿ ತಂದೆ. ಹಾಗೆ ಮಾಡಿ ಅಂತ ಸಲಹೆ ಕೊಟ್ಟಿದ್ದು ಇದೇ ಅಂಗಡಿಯವರು, ಅದಕ್ಕೊಂದು ಅರ್ಧ ಸ್ಟಾರ್ ಜಾಸ್ತಿ ಕೊಟ್ಟಿದ್ದೇನೆ. ಬಂದ ಮೇಲೆ ಚೀಲ ಬಿಚ್ಚದೆ ಟ್ಯಾಂಕಿನಲ್ಲಿ ತೇಲಿಬಿಟ್ಟು ನಿಧಾನಕ್ಕೆ ಬೆಚ್ಚಗಾಗಲು ಬಿಡಬೇಕು. ಬಿಚ್ಚಿದ ಮೇಲೆ ಮಾತ್ರ ಗಂಟೆಗಟ್ಟಲೆ ಚೀಲಕ್ಕೆ ಟ್ಯಾಂಕಿನ ನೀರನ್ನು ಹನಿಹನಿ ಬಿಡುತ್ತಾ ಕೂರಬೇಡಿ. ದಾರಿಯಲ್ಲಿ ಚೀಲದೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಇಳಿದಿರುತ್ತದೆ, ಅದರಿಂದ ಮೀನಿನ ಗಲೀಜಿನ ಅಮೋನಿಯಾದ ವಿಷ ಕಮ್ಮಿ ಇರುತ್ತದೆ. ಬಿಚ್ಚಿದ ತಕ್ಷಣ ಆ ಗ್ಯಾಸ್ ಹೊರಗೆ ಹೋಗಿ ಪಿಎಚ್ ಏರುತ್ತದೆ, ಅಮೋನಿಯಾ ಮತ್ತೆ ವಿಷವಾಗುತ್ತದೆ. ಬೇಗ ಬಲೆಯಲ್ಲಿ ಎತ್ತಿ ಟ್ಯಾಂಕಿಗೆ ಬಿಡಿ, ಚೀಲದ ನೀರು ಸಿಂಕಿಗೆ.

ಹೀಟ್ ಪ್ಯಾಕ್ ಮತ್ತೆ ಬಿಸಿಯಾದ ಕಥೆಯನ್ನು ಫೋಟೋ ಸಮೇತ ಬರೆದು ಕಳಿಸಿದೆ. ಅಂಗಡಿಯಮ್ಮ ಫೋನ್ ಮಾಡಿದರು. ವಾದ ಮಾಡಲಿಲ್ಲ, ಮೀನಿನ ಪೂರ್ತಿ ದುಡ್ಡು ಕ್ರೆಡಿಟ್ ಹಾಕಿದರು, ಮುಂದೆ ಡಬ್ಬಿಗೆ ತೂತು ಇಡುತ್ತೇವೆ ಅಂದರು. ಕೊರಿಯರ್ ಖರ್ಚು ಮಾತ್ರ ವಾಪಸ್ ಇಲ್ಲ, ಅದು ಮೀನಿನ ಬೆಲೆಗಿಂತಲೂ ಜಾಸ್ತಿ. ಗ್ಯಾರಂಟಿ ಪುಟದ ಹವಾಮಾನದ ಸಾಲು ಈಗಲೂ ಹಾಗೇ ಇದೆ. ನಾನು ಡಬ್ಬಿ ಕೆದಕದೆ ಸುಮ್ನೆ ಅರ್ಧ ಕ್ರೆಡಿಟ್ ಒಪ್ಪಿಕೊಂಡಿದ್ದರೆ ವಿಷಯ ಅಲ್ಲಿಗೇ ಮುಚ್ಚಿಹೋಗುತ್ತಿತ್ತು, ಎರಡೂವರೆಗಿಂತ ಮೇಲೆ ಹೋಗದಿರಲು ಇದೇ ಕಾರಣ.

ಶ್ರಿಂಪ್ ಬೇಕಿದ್ದರೆ ಇವರಿಂದ ತರಿಸಿ, ಆದರೆ 72 ಗಂಟೆಯ ಪ್ಯಾಕ್ ಹಾಕಿ, ಗಾಳಿಗೆ ತೂತು ಇಡಿ ಅಂತ ಆರ್ಡರ್ ಜೊತೆಯಲ್ಲೇ ಬರೆದು ಹೇಳಿ. ಟೆಟ್ರಾ, ಡಿಸ್ಕಸ್ ಥರದ ಬಿಸಿನೀರಿನ ಮೀನನ್ನು ನಮ್ಮಂಥ ಚಳಿಯ ಊರಿನವರು ಏಪ್ರಿಲ್ ಕೊನೆಯವರೆಗೆ ತರಿಸಬೇಡಿ. ಕ್ರೆಡಿಟ್ ಇನ್ನೂ ಹಾಗೇ ಇದೆ, ಉಳಿದ 5 ಟೆಟ್ರಾಗಳಿಗೆ ಜೊತೆಯನ್ನು ನಾನೂ ಏಪ್ರಿಲ್ ಕಳೆದ ಮೇಲೆಯೇ ತರಿಸುತ್ತೇನೆ.