ಹ್ವಾಚನ್‌ನ ಮೀನೋ, ತೇಬೆಕ್‌ನ ಹಿಮವೋ: ಎರಡೂ ಜಾತ್ರೆ ನೋಡಿ ಬಂದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತೇಬೆಕ್‌ಗೆ. ನಾವು ದಕ್ಷಿಣ ಕೊರಿಯಾದ ಸುವಾನ್‌ಗೆ ಬಂದು ನಾಲ್ಕು ಚಳಿಗಾಲ ಕಳೆದವು. ಸಂಕ್ರಾಂತಿ ಹತ್ತಿರ ಬಂತೆಂದರೆ ಇಲ್ಲಿರುವ ನಮ್ಮ ಕಡೆಯವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಹ್ವಾಚನ್‌ನ ಮೀನಿನ ಜಾತ್ರೆಗೆ ಹೋಗಬೇಕೋ, ತೇಬೆಕ್‌ನ ಹಿಮದ ಜಾತ್ರೆಗೋ? ಎರಡೂ ಗಾಂಗ್ವನ್ ಪ್ರಾಂತ್ಯದಲ್ಲೇ ನಡೆಯುತ್ತವೆ, ಆದರೆ ಒಂದು ವಾರಾಂತ್ಯದಲ್ಲಿ ಎರಡನ್ನೂ ನೋಡಲಾಗದು. ಹೋದ ವರ್ಷ ಹ್ವಾಚನ್‌ಗೆ, ಈ ವರ್ಷ ತೇಬೆಕ್‌ಗೆ ನಾವು ಮೂವರೂ ಹೋಗಿ ಬಂದೆವು. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು.

ಹ್ವಾಚನ್ ಜಾತ್ರೆ ಶುರುವಾದದ್ದು 2003ರಲ್ಲಿ. ಹೆಪ್ಪುಗಟ್ಟಿದ ಹೊಳೆಯ ಮೇಲೆ ಸಾಲುಸಾಲಾಗಿ ತೂತು ಕೊರೆದು, ಸಾನ್‌ಚನೊ ಎಂಬ ಟ್ರೌಟ್ ಜಾತಿಯ ಮೀನನ್ನು ಗಾಳ ಹಾಕಿ ಹಿಡಿಯುವ ಆಟ. ಈ ಮೀನು ಆ ಹೊಳೆಯದ್ದಲ್ಲ, ಸಾಕಣೆ ಕೊಳಗಳಿಂದ ತಂದು ಬಿಡುತ್ತಾರೆ. ಮಗಳು ತೂತಿನ ಪಕ್ಕ ಚಾಪೆ ಹಾಸಿ ಬೋರಲು ಮಲಗಿ, ತಲೆಯ ಮೇಲೆ ಜಾಕೆಟ್ ಎಳೆದುಕೊಂಡು ಒಳಗೆ ಇಣುಕಿದಳು. ಬೆಳಕು ಮರೆಯಾದ ಕೂಡಲೇ ತಿಳಿಹಸಿರು ನೀರಿನ ತಳದ ಕಲ್ಲುಗಳು ಎಣಿಸುವಷ್ಟು ಸ್ಪಷ್ಟವಾಗಿ ಕಂಡವು. ನಾನೂ ಮಲಗಿ ನೋಡಿದೆ. ಮೈಮೇಲೆ ಕಪ್ಪು ಪಟ್ಟೆಗಳಿದ್ದ ಮೀನೊಂದು ನಮ್ಮ ಗಾಳದ ಪಕ್ಕದಲ್ಲೇ ಹಾದು ಹೋಯಿತು, ತಿರುಗಿ ಕೂಡ ನೋಡಲಿಲ್ಲ. ಆ ಐದು ನಿಮಿಷ ನಿಜಕ್ಕೂ ಚೆಂದ.

ಕೆಟ್ಟದ್ದು ಅದರ ನಂತರದ ಮೂರು ಗಂಟೆ. ಎಲ್ಲ ತಾಪತ್ರಯವೂ ಕಾಲಿನದ್ದು. ಮೈಗೆ ನಾಲ್ಕು ಪದರ ಬಟ್ಟೆ, ಕಿವಿ ಮುಚ್ಚುವ ಟೋಪಿ, ಎಲ್ಲ ಇತ್ತು. ಆದರೆ ಮಂಜುಗಡ್ಡೆಯ ಮೇಲೆ ನಿಂತಾಗ ಚಳಿ ಕೆಳಗಿನಿಂದ ಏರುತ್ತದೆ. ಅರ್ಧ ಗಂಟೆಗೆ ಬೆರಳು ಚುಚ್ಚತೊಡಗಿದವು, ಒಂದು ಗಂಟೆಗೆ ಬೆರಳುಗಳಿವೆಯೆಂಬುದೇ ಗೊತ್ತಾಗಲಿಲ್ಲ. ಅಂಗಡಿಯಲ್ಲಿ ಸಿಗುವ ಹಾಟ್‌ಪ್ಯಾಕ್‌ಗಳನ್ನು ಕಾಲುಚೀಲಕ್ಕೆ ಅಂಟಿಸಿಕೊಂಡಿದ್ದೆವು. ಹತ್ತು ನಿಮಿಷ ಬೆಚ್ಚಗಿದ್ದು ತಣ್ಣಗಾದವು. ಕಾರಣ ಆಮೇಲೆ ತಿಳಿಯಿತು. ಅದರೊಳಗಿನ ಕಬ್ಬಿಣದ ಪುಡಿ ಗಾಳಿ ತಾಗಿ ತುಕ್ಕು ಹಿಡಿಯುವಾಗ ಶಾಖ ಹುಟ್ಟುತ್ತದೆ. ಬಿಗಿಯಾದ ಬೂಟಿನೊಳಗೆ ಗಾಳಿ ಎಲ್ಲಿಂದ ಬರಬೇಕು? ಬೂಟಿಗೆಂದೇ ಬೇರೆ ಬಗೆಯದ್ದು ಸಿಗುತ್ತದೆ, ನಾವು ಕೊಂಡದ್ದು ಜೇಬಿಗೆ ಹಾಕಿಕೊಳ್ಳುವಂಥದ್ದು.

ವಾಪಸು ಹೋಗೋಣವೆಂದರೆ ಟೂರ್ ಬಸ್ಸು ಬೀಗ ಹಾಕಿ ನಿಂತಿತ್ತು, ಹೊರಡುವುದು ಸಂಜೆ ನಾಲ್ಕಕ್ಕೇ. ಒಬ್ಬರಿಗೆ 70,000 ವಾನ್ ಕೊಟ್ಟು ಆ ಸೀಟು ಕೊಂಡದ್ದೇ ನಾವು ಮಾಡಿದ ತಪ್ಪು. ಬೆಚ್ಚಗಿನ ಡೇರೆಯಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಮಗಳು ಅಳತೊಡಗಿದಳು. ಪಕ್ಕದ ತೂತಿನಲ್ಲಿ ಗಾಳ ಹಾಕಿದ್ದ ಅಜ್ಜ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳದ ಮೇಲೆ ನಿಂತಿದ್ದರು. ಅವರು ಅದನ್ನು ಎರಡು ತುಂಡು ಮಾಡಿ ಒಂದನ್ನು ಮಗಳ ಕಾಲಡಿಗೆ ಹಾಕಿದರು. ಒಂದು ಮಾತೂ ಆಡಲಿಲ್ಲ. ಹೋಗುವವರು ಏನು ಮರೆತರೂ ಥರ್ಮಾಕೋಲ್ ತುಂಡು ಮರೆಯಬೇಡಿ. ಬೂಟು ಒಂದು ಅಳತೆ ದೊಡ್ಡದಿರಲಿ.

ತಲೆಗೆ ಮೂರು ಮೀನು ಹಿಡಿಯಲು ಅವಕಾಶ. ನಮ್ಮ ಮೂವರಿಗೂ ಸೇರಿ ಸಿಕ್ಕಿದ್ದು ಒಂದೇ, ಅದನ್ನು ನನ್ನ ಗಂಡ ಅಲ್ಲೇ ಸುಡಿಸಿ ತಿಂದರು. ಸಸ್ಯಾಹಾರಿಯಾದ ನನಗೆ ಹೋತೋಕ್ ಸಿಕ್ಕಿತು. ಒಳಗೆ ಕರಗಿದ ಸಕ್ಕರೆ ತುಂಬಿದ ಈ ರೊಟ್ಟಿ ನಮ್ಮ ಹೋಳಿಗೆಯ ದೂರದ ನೆಂಟನಂತಿದೆ. ಮೀನುಗಳ ಪಾಡು ನೋಡಿ ನನಗೆ ಸಂಕಟವಾಯಿತೆಂಬುದೂ ನಿಜ. ಪ್ರಾಣಿದಯಾ ಸಂಘಟನೆಗಳು 2020ರಲ್ಲಿ ಈ ಜಾತ್ರೆಯ ವಿರುದ್ಧ ದೂರು ಕೊಟ್ಟಿದ್ದವು. ಅದೇ ವರ್ಷ ಮಳೆ ಸುರಿದು ಮಂಜುಗಡ್ಡೆ ಗಟ್ಟಿಯಾಗದೆ ಜಾತ್ರೆಯನ್ನೇ ಮುಂದೂಡಿದ್ದರು. ಹಾಗಾಗಿ ಮುಂಗಡ ಹಣ ಕಟ್ಟುವ ಮುನ್ನ ಹವಾಮಾನ ನೋಡಿಕೊಳ್ಳಿ.

ಈಗ ತೇಬೆಕ್. ಇದು ಹಳೆಯ ಕಲ್ಲಿದ್ದಲು ಊರು. ಇಲ್ಲಿನ ಜಾಂಗ್‌ಸಂಗ್ ಗಣಿ 2024ರಲ್ಲಿ ಮುಚ್ಚಿತು. ರಾಜಧಾನಿ ಸೋಲ್‌ನ ಚಂಗ್‌ನ್ಯಾಂಗ್‌ನಿ ನಿಲ್ದಾಣದಿಂದ ರೈಲಿನಲ್ಲಿ ನಾಲ್ಕು ಗಂಟೆಯ ಹಾದಿ, ಟಿಕೆಟ್ಟು 15,000 ವಾನ್ ಆಸುಪಾಸು. ಜಾತ್ರೆ ನಡೆಯುವ ದಾಂಗ್ಗೋಲ್ ಬಯಲು ರಾಷ್ಟ್ರೀಯ ಉದ್ಯಾನದೊಳಗಿದೆ, ಪ್ರವೇಶಕ್ಕೆ ಹಣವಿಲ್ಲ. ಹಿಮದ ಶಿಲ್ಪಗಳು ದೊಡ್ಡವು, ಆದರೆ ಬಿಸಿಲು ಬಂದ ದಿನ ಮಂಕಾಗುತ್ತವೆ. ಗಂಡ ಮತ್ತು ಮಗಳು ಜಾರುವ ಇಳಿಜಾರಿನಲ್ಲೇ ಅರ್ಧ ದಿನ ಕಳೆದರು.

ನಾನು ಒಬ್ಬಳೇ ಯುಇಲ್ಸಾ ಎಂಬ ಬೌದ್ಧ ದೇವಾಲಯದ ಕಡೆಯಿಂದ ತೇಬೆಕ್ ಬೆಟ್ಟ ಹತ್ತಿದೆ. ಶಿಖರ 1,567 ಮೀಟರ್ ಎತ್ತರದಲ್ಲಿದೆ, ನನಗೆ ಎರಡೂವರೆ ಗಂಟೆ ಬೇಕಾಯಿತು. ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳಿನ ಪಟ್ಟಿಯಿಲ್ಲದೆ ಹತ್ತಬೇಡಿ. ಮೇಲೆ ಹೋದಂತೆ ಚೂಮೊಕ್ ಮರಗಳು ಎದುರಾಗುತ್ತವೆ. ಬದುಕಿ ಸಾವಿರ ವರ್ಷ, ಸತ್ತು ಸಾವಿರ ವರ್ಷ ನಿಲ್ಲುತ್ತವೆ ಎಂದು ಕೊರಿಯನ್ನರು ಹೇಳುವ ಮರ ಇದೇ. ಒಂದರ ಕಾಂಡ ಪೂರ್ತಿ ಟೊಳ್ಳಾಗಿತ್ತು, ಆದರೂ ಒಂದೇ ಒಂದು ಕೊಂಬೆ ಹಸಿರಾಗಿ ಹಿಮ ಹೊತ್ತು ನಿಂತಿತ್ತು. ಅದರ ಬುಡದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಕರೆದು ಕಿತ್ತಳೆ ಕೊಟ್ಟರು. ನನ್ನ ಚೀಲದಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ ಉಳಿದಿತ್ತು, ಅದನ್ನು ಅವರ ಕೈಗೆ ಹಾಕಿದೆ. ಕೊಬ್ಬರಿಯನ್ನು ಬೆರಳಿನಿಂದ ಬೇರೆ ಮಾಡಿ, ಇದೇನೆಂದು ಕೇಳಿ, ನಿಧಾನವಾಗಿ ಅಗಿದರು. ಅವರ ಊರಿನಲ್ಲೂ ವರ್ಷದ ಮೊದಲ ಹುಣ್ಣಿಮೆಯ ಬೆಳಗ್ಗೆ ಕಡಲೆಕಾಯಿ, ವಾಲ್‌ನಟ್ ಕಚ್ಚಿ ಒಡೆಯುವ ಪದ್ಧತಿಯಿದೆ, ಹಾಗೆ ಮಾಡಿದರೆ ವರ್ಷವಿಡೀ ಮೈಯಲ್ಲಿ ಕುರು ಏಳುವುದಿಲ್ಲ ಎಂದರು. ನನ್ನ ಅರೆಬರೆ ಕೊರಿಯನ್‌ಗೆ ಅಷ್ಟು ಅರ್ಥವಾಯಿತು.

ಊಟಕ್ಕೆ ಬಿಸಿ ಆಲೂಗಡ್ಡೆ ದೋಸೆ ಸಿಕ್ಕಿತು, ಗೊಂದ್ರೆ ಸೊಪ್ಪು ಬೆರೆಸಿದ ಅನ್ನವೂ ಸಿಕ್ಕಿತು. ರಾತ್ರಿ ನೆಲದಡಿಯಿಂದ ಕಾಯಿಸುವ ಒಂದೋಲ್ ಕೋಣೆಯಲ್ಲಿ ಮಲಗಿದೆವು. ಒದ್ದೆ ಕಾಲುಚೀಲಗಳನ್ನು ನೆಲದ ಮೇಲೆ ಹರಡಿದರೆ ಬೆಳಗಾಗುವಷ್ಟರಲ್ಲಿ ಒಣಗಿ ಬಿಸಿಯಾಗಿದ್ದವು. ಕೋಣೆಯ ಬಾಡಿಗೆಯನ್ನೂ ಸೇರಿಸಿದರೆ ಖರ್ಚು ಹ್ವಾಚನ್‌ಗಿಂತ ಸ್ವಲ್ಪ ಹೆಚ್ಚೇ ಆಯಿತು, ಆದರೆ ಎರಡು ದಿನ ಸಿಕ್ಕಿತು, ಯಾವಾಗ ಎಲ್ಲಿರಬೇಕೆಂಬುದು ನಮ್ಮ ಕೈಯಲ್ಲಿತ್ತು.

ಮೀನು ತಿನ್ನುವವರು, ಸ್ವಂತ ಕಾರಿರುವವರು, ವಾರದ ನಡುವೆ ರಜೆ ಸಿಗುವವರು ಹ್ವಾಚನ್‌ಗೆ ಹೋಗಬಹುದು. ದಿನವೂ ನಡೆಯುವ ಅಭ್ಯಾಸವಿರುವ, ಸೊಪ್ಪು ಕಾಳು ತಿನ್ನುವ ನನಗೆ ತೇಬೆಕ್ ಸಾಕು. ಅಲ್ಲಿಯ ತೊಂದರೆ ಒಂದೇ, ವಾರಾಂತ್ಯದ ರೈಲು ಟಿಕೆಟ್ಟು ಬೇಗ ಮುಗಿದುಹೋಗುತ್ತದೆ. ಬುಕಿಂಗ್ ತಿಂಗಳ ಮೊದಲೇ ಬೆಳಗ್ಗೆ ಏಳಕ್ಕೆ ತೆರೆಯುತ್ತದೆ. ಬರುವ ಡಿಸೆಂಬರ್ ಕೊನೆಗೆ ಅಲಾರಾಂ ಈಗಲೇ ಇಟ್ಟಿದ್ದೇನೆ, ಈ ಸಲ ಎಳ್ಳುಬೆಲ್ಲವನ್ನೂ ಎರಡು ಡಬ್ಬಿ ಹೆಚ್ಚು ಮಾಡುತ್ತೇನೆ.