ಮಿನಿಯಾಪೊಲಿಸ್‌ನ ಮಿಲ್ ಡಿಸ್ಟ್ರಿಕ್ಟ್: ಮೊದಲು ಗಿರಣಿ ನೋಡಿ, ಆಮೇಲೆ ಸೇತುವೆ

ಅಮೆರಿಕದ ಮಿನಿಯಾಪೊಲಿಸ್ ಊರಲ್ಲಿ, ಮಿಸಿಸಿಪ್ಪಿ ನದಿ ದಂಡೆಯ ಈ ಹಳೇ ಹಿಟ್ಟಿನ ಗಿರಣಿಗಳ ಜಾಗಕ್ಕೆ ಹೋದವರು ಜಾಸ್ತಿ ಮಂದಿ ಸ್ಟೋನ್ ಆರ್ಚ್ ಸೇತುವೆ ಮೇಲೆ ಫೋಟೋ ತೆಗೆದುಕೊಂಡು ವಾಪಸ್ ಬರುತ್ತಾರೆ. ಹಾಗೆ ಮಾಡಬೇಡಿ. ಮೊದಲು ಮಿಲ್ ಸಿಟಿ ಮ್ಯೂಸಿಯಂಗೆ ಹೋಗಿ. ಅದನ್ನು ಬಿಟ್ಟು ಹೊರಗೆ ಎಷ್ಟು ಸುತ್ತಿದರೂ ಕಾಣುವುದು ಬರೀ ಹಳೇ ಗೋಡೆ.

ಮ್ಯೂಸಿಯಂ ಇರುವುದೇ ವಾಶ್‌ಬರ್ನ್ ‘ಎ’ ಗಿರಣಿಯ ಅವಶೇಷದೊಳಗೆ. 1878ರ ಮೇ 2ರಂದು ಇಲ್ಲಿದ್ದ ಮೊದಲ ಗಿರಣಿಯಲ್ಲಿ ಹಿಟ್ಟಿನ ಧೂಳು ಹೊತ್ತಿಕೊಂಡು ಸ್ಫೋಟವಾಗಿ, ಪಕ್ಕದ ಗಿರಣಿಗಳವರೂ ಸೇರಿ 18 ಜನ ಸತ್ತರು. 1880ರಲ್ಲಿ ಮತ್ತೆ ಕಟ್ಟಿದರು, 1965ರಲ್ಲಿ ಮುಚ್ಚಿತು, 1991ರಲ್ಲಿ ಬೆಂಕಿ ಬಿತ್ತು. ಉಳಿದ ಗೋಡೆಗಳನ್ನು ಕೆಡವದೆ, ಹೊಸದರಂತೆ ಮಾಡಲೂ ಹೋಗದೆ, ಅವುಗಳ ನಡುವೆಯೇ 2003ರಲ್ಲಿ ಮ್ಯೂಸಿಯಂ ತೆರೆದರು. ಅಂಗಳದಲ್ಲಿ ನಿಂತರೆ ಸುತ್ತ ಸುಣ್ಣಕಲ್ಲಿನ ಗೋಡೆ, ಖಾಲಿ ಕಿಟಕಿ, ಮೇಲೆ ಆಕಾಶ. ಇಷ್ಟು ಚೆನ್ನಾಗಿ ಹಳೆಯದನ್ನು ಉಳಿಸಿಕೊಂಡಿದ್ದಕ್ಕೆ ನನಗೆ ನಿಜಕ್ಕೂ ಖುಷಿಯಾಯಿತು.

ಮ್ಯೂಸಿಯಂ ಒಳಗಿನ ಫ್ಲೌರ್ ಟವರ್ (ಹಿಟ್ಟಿನ ಗೋಪುರ) ತಪ್ಪಿಸಲೇಬೇಡಿ. ಅದೊಂದು ದೊಡ್ಡ ಲಿಫ್ಟ್, ಒಳಗೆ ಬೆಂಚಿನ ಮೇಲೆ ಕೂತಿರುತ್ತೀರಿ, ಒಂದೊಂದು ಮಹಡಿಯಲ್ಲಿ ಬಾಗಿಲು ತೆರೆದಾಗ ಯಂತ್ರಗಳು ಕಾಣುತ್ತವೆ, ಇಲ್ಲಿ ದುಡಿದವರ ದನಿಯಲ್ಲೇ ಅವರ ಮಾತು ಕೇಳಿಸುತ್ತದೆ. ಈ ಕಡೆಯ ಗೋಧಿಯ ಕಾಳು ಗಟ್ಟಿ, ಕಲ್ಲಿನಲ್ಲಿ ಬೀಸಿದರೆ ಸಿಪ್ಪೆಯೂ ಪುಡಿಯಾಗಿ ಹಿಟ್ಟಿಗೆ ಸೇರಿಬಿಡುತ್ತಿತ್ತು. ಗಾಳಿ ಹಾಯಿಸಿ ಆ ಬೂಸಾ ಹಾರಿಸುವ ಯಂತ್ರ ಬಂತು, ಕಲ್ಲಿನ ಬದಲು ಉಕ್ಕಿನ ರೋಲರ್ ಬಂತು, ಹಿಟ್ಟು ಬೆಳ್ಳಗಾಯಿತು. 1880ರಿಂದ 1930ರವರೆಗೆ ಹಿಟ್ಟಿನ ಉತ್ಪಾದನೆಯಲ್ಲಿ ಈ ಊರೇ ಜಗತ್ತಿಗೆ ಮುಂದು. ಇದೊಂದೇ ಗಿರಣಿ ತನ್ನ ಉತ್ತುಂಗದಲ್ಲಿ ದಿನಕ್ಕೆ 1.2 ಕೋಟಿ ಬ್ರೆಡ್ಡಿಗಾಗುವಷ್ಟು ಹಿಟ್ಟು ಬೀಸುತ್ತಿತ್ತು! ಕೊನೆಗೆ ಮೇಲಿನ ಮಹಡಿಯಿಂದ ನದಿ, ಜಲಪಾತ, ಸೇತುವೆ ಎಲ್ಲಾ ಒಟ್ಟಿಗೆ ಕಾಣುತ್ತವೆ.

ಈಗ ಕೆಳಗಿಳಿದು ಮಿಲ್ ರೂಯಿನ್ಸ್ ಪಾರ್ಕ್‌ಗೆ ಬನ್ನಿ. ಟರ್ಬೈನ್ ತಿರುಗಿಸಿದ ನೀರು ನದಿಗೆ ವಾಪಸ್ ಹೋಗುತ್ತಿದ್ದ ಕಲ್ಲಿನ ಕಾಲುವೆಗಳು ಇಲ್ಲಿವೆ. ಮೇಲೆ ನೋಡಿದ ಯಂತ್ರಗಳಿಗೆ ಶಕ್ತಿ ಎಲ್ಲಿಂದ ಬಂತು ಅಂತ ಇಲ್ಲಿ ಗೊತ್ತಾಗುತ್ತದೆ.

ಸೇಂಟ್ ಆಂಥನಿ ಜಲಪಾತದ ಬಗ್ಗೆ ಮಾತ್ರ ಮೊದಲೇ ಹೇಳಿಬಿಡುತ್ತೇನೆ, ಬಂಡೆ ಮೇಲಿಂದ ಧುಮುಕುವ ನೀರು ನೋಡಬಹುದು ಅಂತ ಹೋಗಬೇಡಿ. 1869ರಲ್ಲಿ ಅದರ ಅಡಿ ಕೊರೆಯುತ್ತಿದ್ದ ಸುರಂಗ ಕುಸಿದು ಜಲಪಾತವೇ ಹೋಗುವ ಹಾಗಾಗಿತ್ತು, ಅದನ್ನು ಉಳಿಸಲು ಮಾಡಿದ ಕೆಲಸದಿಂದ ಈಗ ನೀರು ಇಳಿಯುವುದು ಕಾಂಕ್ರೀಟ್ ಇಳಿಜಾರಿನ ಮೇಲೆ. ಸೇತುವೆ 1883ರದ್ದು, ರೈಲಿಗಾಗಿ ಕಟ್ಟಿದ್ದು, 1994ರಿಂದ ನಡೆಯುವವರಿಗೆ, ಸೈಕಲ್‌ನವರಿಗೆ. ಅರ್ಧಕ್ಕೇ ತಿರುಗಬೇಡಿ, ಆಚೆ ದಡದಲ್ಲಿ 1881ರ ಪಿಲ್ಸ್‌ಬರಿ ‘ಎ’ ಗಿರಣಿ ಇದೆ. ಎರಡೂ ದಡ ನೋಡಲು ಅರ್ಧ ದಿನವಾದರೂ ಇಟ್ಟುಕೊಳ್ಳಿ.