ರಾತ್ರಿ ಏಳುವ ಮಗು: ಜೋಲಿ, ಗಡಿಯಾರ, ಚಾಪೆ, ಅಲಾರಂ

ಒಂದೂವರೆ ವರ್ಷದ ಮಗು. ರಾತ್ರಿ 9ಕ್ಕೆ ಜೋಲಿಯಲ್ಲಿ ತೂಗಿ ಮಲಗಿಸಿದರೆ 11.30ಕ್ಕೆ, 1.30ಕ್ಕೆ, 3.15ಕ್ಕೆ ಎದ್ದು ರಚ್ಚೆ ಹಿಡಿಯುತ್ತದೆ. ಪ್ರತಿ ಸಲವೂ ಐದು ನಿಮಿಷ ತೂಗಿದರೆ ಸಾಕು, ಮತ್ತೆ ನಿದ್ದೆ. ಜ್ವರವಿಲ್ಲ, ಹಸಿವಿಲ್ಲ. ಬೆಳಿಗ್ಗೆ ಮಗು ಗೆಲುವಾಗೇ ಇರುತ್ತದೆ, ಸೋತು ಸುಣ್ಣವಾಗಿರುವುದು ತೂಗಿದವರು. ಇಂಥ ಮಗುವಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಪ್ರಯೋಗವಾಗುವ ನಾಲ್ಕು ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಮೊದಲು ಕಾರಣ ಗೊತ್ತಿರಲಿ. ಈ ವಯಸ್ಸಿನಲ್ಲಿ ನಿದ್ದೆಯ ಒಂದು ಸುತ್ತು ಸುಮಾರು ಒಂದು ಗಂಟೆಯದು. ಸುತ್ತು ಮುಗಿದಾಗ ಎಲ್ಲ ಮಕ್ಕಳಿಗೂ ಅರೆ ಎಚ್ಚರವಾಗುತ್ತದೆ. ಮಲಗುವಾಗ ಹೇಗಿತ್ತೋ ಈಗಲೂ ಹಾಗೇ ಇದ್ದರೆ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತವೆ. ತೂಗುತ್ತಿರುವಾಗಲೇ ಕಣ್ಣು ಮುಚ್ಚಿದ ಮಗುವಿಗೆ ನಿಂತ ಜೋಲಿ ಬೇರೆಯೇ ಜಾಗ, ಅದಕ್ಕೇ ಅಳು. ಹಾಗಾಗಿ ತಿದ್ದಬೇಕಾದದ್ದು ರಾತ್ರಿ 9 ಗಂಟೆಯ ನಿದ್ದೆಯನ್ನು. ನಡುರಾತ್ರಿಯದು ಅದರ ಹಿಂದೆಯೇ ಸರಿಹೋಗುತ್ತದೆ.

ಯಾವ ದಾರಿ ಹಿಡಿಯುವ ಮುಂಚೆಯೂ ಐದು ರಾತ್ರಿ ಬರೆದಿಡಿ: ಹೇಗೆ ಮಲಗಿತು, ಎಷ್ಟು ಗಂಟೆಗೆ ಎದ್ದಿತು, ಏನು ಕೊಟ್ಟಿರಿ, ಮತ್ತೆ ಮಲಗಲು ಎಷ್ಟು ನಿಮಿಷ ಹಿಡಿಯಿತು. ನಿದ್ದೆಗಣ್ಣಿನ ನೆನಪನ್ನು ನಂಬಬೇಡಿ. ‘ರಾತ್ರಿಯಿಡೀ ಏಳುತ್ತೆ’ ಅನ್ನುವ ಮಗು ಬರೆದು ನೋಡಿದರೆ ಮೂರೇ ಸಲ ಎದ್ದಿರುತ್ತದೆ.

ಹೀಗೆ ಬರೆದಿಟ್ಟ ಲೆಕ್ಕದಲ್ಲೇ ವೈದ್ಯರ ಬಳಿ ಹೋಗಬೇಕಾದ ಮಕ್ಕಳೂ ಗೊತ್ತಾಗುತ್ತಾರೆ. ಹೆಚ್ಚಿನ ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುವ ಮಗುವಿಗೆ ಅಡಿನಾಯ್ಡ್, ಅಂದರೆ ಮೂಗಿನ ಹಿಂಭಾಗದ ಗ್ರಂಥಿ, ಊದಿರಬಹುದು. ರಾತ್ರಿ ಹೊತ್ತು ಗುದದ ಸುತ್ತ ತುರಿಸಿಕೊಂಡರೆ ಜಂತುಹುಳುವಿನ ಅನುಮಾನ. ಅದಕ್ಕೆ ಮಗುವಿಗಷ್ಟೇ ಅಲ್ಲ, ಮನೆಮಂದಿಗೆಲ್ಲ ಔಷಧಿ ಬೇಕಾಗುತ್ತದೆ, ಎರಡು ವಾರ ಬಿಟ್ಟು ಇನ್ನೊಮ್ಮೆ. ಕಾಲು ಝಾಡಿಸುತ್ತ ಹಾಸಿಗೆಯೆಲ್ಲ ಹೊರಳಾಡುವ, ಬಿಳಿಚಿಕೊಂಡ ಮಗುವಿಗೆ ಕಬ್ಬಿಣದಂಶ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆಯಿದೆ, ಇದು ಅಪರೂಪದ ಸಂಗತಿ ಅಲ್ಲ. ಇವು ಇರುವಾಗ ಯಾವ ಅಭ್ಯಾಸ ಮಾಡಿಸಿದರೂ ಹತ್ತುವುದಿಲ್ಲ.

ಜೋಲಿ

ಜೋಲಿಯನ್ನು ಹೀಗಳೆಯುವ ಉದ್ದೇಶವಿಲ್ಲ. ಮೊದಲ ಆರೇಳು ತಿಂಗಳು ಅದು ಮನೆ ಉಳಿಸುತ್ತದೆ. ಆದರೆ ಎದ್ದು ನಿಲ್ಲಲು ಕಲಿತ ಮಗು ಸೀರೆಯ ಅಂಚು ಹಿಡಿದು ಹೊರಗೆ ಬಗ್ಗುತ್ತದೆ, ಬೀಳುತ್ತದೆ. ಸ್ಪ್ರಿಂಗ್‌ಗೂ ಕೊಂಡಿಗೂ ತೂಕದ ಮಿತಿ ಇದೆ. ಕೆಲವರು ಇದಕ್ಕೆ ಮೋಟಾರ್ ಹಾಕಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು ಅದು. ಕೈಯಾದರೂ ಸೋತು ನಿಲ್ಲುತ್ತದೆ, ಮೋಟಾರ್ ರಾತ್ರಿಯಿಡೀ ತೂಗಿ ಅದೇ ಅಭ್ಯಾಸವನ್ನು ಗಟ್ಟಿ ಮಾಡುತ್ತದೆ. ಕರೆಂಟ್ ಹೋದರೆ ಮನೆಯೆಲ್ಲ ಎದ್ದಂತೆ.

ಬಿಡಿಸುವುದು ಹೀಗೆ: ಮೊದಲ ಮೂರು ರಾತ್ರಿ ಕಣ್ಣು ಭಾರವಾಗುವವರೆಗೆ ತೂಗಿ, ಮುಚ್ಚುವ ಮುಂಚೆ ನಿಲ್ಲಿಸಿ. ಮುಂದಿನ ಮೂರು ರಾತ್ರಿ ತೂಗುವ ಸಮಯ ಅರ್ಧ. ಏಳನೆಯ ರಾತ್ರಿಯಿಂದ ಜೋಲಿ ಅಲುಗಾಡದೆ ಇರಲಿ, ಬರೀ ತಟ್ಟುವುದು. ಹತ್ತನೆಯದಕ್ಕೆ ನೆಲದ ಹಾಸಿಗೆ, ಜೋಲಿಯ ಅದೇ ಹಳೆಯ ಸೀರೆಯನ್ನು ಮೇಲೆ ಹಾಸಿ. ರಾತ್ರಿಯ ನಿದ್ದೆಯಿಂದಲೇ ಶುರು ಮಾಡಿ, ಆಗ ನಿದ್ದೆಯ ಸೆಳೆತ ಹೆಚ್ಚು. ಮಧ್ಯಾಹ್ನದ್ದನ್ನು ಎರಡು ವಾರ ಅಜ್ಜಿಗೆ ಬಿಟ್ಟುಬಿಡಿ. ಎರಡನ್ನೂ ಒಟ್ಟಿಗೆ ಬಿಡಿಸಲು ಹೋದರೆ ನಿದ್ದೆಗೆಟ್ಟ ಮಗು ಸಂಜೆ ಏಳಕ್ಕೇ ಕುಸಿದು ಹತ್ತಕ್ಕೆ ಎದ್ದು ಕೂರುತ್ತದೆ.

ಗಡಿಯಾರ

ಮಗುವನ್ನು ಎಚ್ಚರವಿರುವಾಗಲೇ ಮಲಗಿಸಿ ಹೊರಬರುವುದು. ಅತ್ತರೆ ಮೊದಲು 3 ನಿಮಿಷ ಬಿಟ್ಟು ಒಳಹೋಗುವುದು, ಮತ್ತೆ 5, ಆಮೇಲೆ ಪ್ರತಿ 10 ನಿಮಿಷಕ್ಕೆ. ಎರಡನೆಯ ರಾತ್ರಿ 5, 10, 12. ಒಳಗೆ ಹೋದಾಗ ಎತ್ತುವಂತಿಲ್ಲ, ದೀಪ ಹಾಕುವಂತಿಲ್ಲ. ‘ಇಲ್ಲೇ ಇದ್ದೀನಿ ಪುಟ್ಟಾ, ಮಲಗು’ ಎಂದು ಒಂದೆರಡು ನಿಮಿಷದಲ್ಲಿ ಹೊರಗೆ.

ನಾಲ್ಕರಲ್ಲಿ ಇದೇ ವೇಗದ್ದು: ಹಿಡಿದು ಮಾಡಿದರೆ ಹೆಚ್ಚಿನ ಮಕ್ಕಳಲ್ಲಿ ವಾರದೊಳಗೆ ಗೊತ್ತಾಗುತ್ತದೆ. ಆದರೆ ಇದು ಪ್ರತ್ಯೇಕ ಕೋಣೆ, ಕಟಕಟೆಯ ಮಂಚ ಇರುವ ಮನೆಗೆ ಹುಟ್ಟಿದ ವಿಧಾನ. ನೆಲದ ಹಾಸಿಗೆಯ ಮಗು ಎದ್ದು ನಡೆದುಬಂದು ಬಾಗಿಲು ಬಡಿಯುತ್ತದೆ. ಅಪ್ಪ ಅಮ್ಮ ಅದೇ ಕೋಣೆಯಲ್ಲಿ ಮಲಗಿದ್ದರೆ ಹೊರಹೋಗುವುದೆಲ್ಲಿಗೆ? ಎರಡನೆಯ ಮೂರನೆಯ ರಾತ್ರಿ ಅಳು ಕಡಿಮೆಯಾಗುವ ಬದಲು ಒಮ್ಮೊಮ್ಮೆ ಏರುತ್ತದೆ. ಗೋಡೆಯಾಚೆಯ ಮನೆಯವರು ಕದ ತಟ್ಟುವುದೂ, ತಾತ ತಡೆಯಲಾರದೆ ಎತ್ತಿಕೊಳ್ಳುವುದೂ ಆವತ್ತೇ. ನಲವತ್ತು ನಿಮಿಷ ಅಳಿಸಿ ಎತ್ತಿಕೊಂಡರೆ ಮಗು ಕಲಿಯುವುದು ಒಂದನ್ನೇ, ನಲವತ್ತು ನಿಮಿಷ ಅತ್ತರೆ ಎತ್ತುತ್ತಾರೆ. ಅದಕ್ಕಿಂತ ಅತ್ತ ಕೂಡಲೇ ಎತ್ತಿಕೊಳ್ಳುವುದು ಮೇಲು. ಮನೆಯವರೆಲ್ಲ ಒಪ್ಪದಿದ್ದರೆ ಇದಕ್ಕೆ ಕೈ ಹಾಕಬೇಡಿ. ಅತ್ತು ವಾಂತಿ ಮಾಡಿದರೆ ಮಂದ ಬೆಳಕಿನಲ್ಲೇ ಒರೆಸಿ, ಬಟ್ಟೆ ಬದಲಿಸಿ, ಮಾತಿಲ್ಲದೆ ಮತ್ತೆ ಮಲಗಿಸಿ.

ಚಾಪೆ

ಹೊರದೇಶಗಳಲ್ಲಿ ಮಂಚದ ಪಕ್ಕ ಕುರ್ಚಿ ಹಾಕಿ ಮಾಡುವುದನ್ನು ನೆಲದ ಮೇಲೆ ಮಲಗುವ ಮನೆಗೆ ಚಾಪೆಯಲ್ಲಿ ಮಾಡಬಹುದು. ಒಂದೇ ಕೋಣೆಯ ಮನೆಗೆ ನಮ್ಮ ಮತ ಇದಕ್ಕೇ.

ಮೂರು ರಾತ್ರಿ ಮಗುವಿನ ಹಾಸಿಗೆಗೆ ತಾಗಿ ಚಾಪೆ, ತಟ್ಟುವುದು ಉಂಟು, ಎತ್ತುವುದಿಲ್ಲ. ಮುಂದಿನ ಮೂರು ರಾತ್ರಿ ಕೈಯನ್ನು ಸುಮ್ಮನೆ ಹಾಸಿಗೆಯ ಮೇಲಿಡಿ. ಆಮೇಲೆ ಮೂರು ರಾತ್ರಿ ಒಂದು ಮೊಳ ದೂರ, ಮತ್ತೆ ಮೂರು ರಾತ್ರಿ ಒಂದು ಮಾರು, ಕೊನೆಗೆ ನಿಮ್ಮ ಮಾಮೂಲು ಜಾಗ. ಎರಡು ವಾರಕ್ಕೆ ಒಂದಿಷ್ಟು ಹೆಚ್ಚೇ ಹಿಡಿಯುತ್ತದೆ. ಅಳು ಇಲ್ಲವೆಂದಲ್ಲ, ಆದರೆ ಪಕ್ಕದಲ್ಲೇ ಜನ ಇರುವುದರಿಂದ ಅದು ಗೊಣಗಾಟದ ಮಟ್ಟದಲ್ಲಿ ಉಳಿಯುತ್ತದೆ, ಅಜ್ಜಿಯ ಎದೆ ಒಡೆಯುವುದಿಲ್ಲ.

ಕೆಡುವುದು ಮೂರು ಕಡೆ. ಮೊದಲನೆಯದು, 9ಕ್ಕೆ ಒಂದು ಮೊಳ ದೂರ ಮಲಗಿದವರು 2 ಗಂಟೆಗೆ ಮಗು ಎದ್ದಾಗ ಪಕ್ಕಕ್ಕೇ ಉರುಳಿಬರುವುದು. ಆವತ್ತಿನ ದೂರವೇ ಬೆಳಗಿನವರೆಗೂ ಇರಬೇಕು. ಎರಡನೆಯದು ಮೊಬೈಲ್. ಕತ್ತಲಲ್ಲಿ ಆ ಬೆಳಕು ಕಂಡರೆ ಮಗು ಎದ್ದು ಕೂತು ‘ಅದು ಕೊಡು’ ಅನ್ನುತ್ತದೆ. ಇನ್ನು ಎದೆಹಾಲು ಕುಡಿಯುವ ಮಗುವಾದರೆ ಚಾಪೆಯಲ್ಲಿ ಅಮ್ಮ ಬೇಡ, ಅಪ್ಪ ಇರಲಿ. ಅಮ್ಮ ಹತ್ತಿರವಿದ್ದೂ ಹಾಲಿಲ್ಲ ಅನ್ನುವುದು ಮಗುವಿಗೆ ಅರ್ಥವಾಗದ ಶಿಕ್ಷೆ.

ಅಲಾರಂ

ಮಗು ಏಳುವ 15ರಿಂದ 30 ನಿಮಿಷ ಮುಂಚೆ ನೀವೇ ಹೋಗಿ ಮೆಲ್ಲಗೆ ಅಲುಗಿಸಿ, ಕಣ್ಣು ಅರೆ ತೆರೆದ ಕೂಡಲೇ ತಟ್ಟಿ ಮಲಗಿಸುವುದು. ಕೇಳಿದರೆ ಹುಚ್ಚು ಅನ್ನಿಸುತ್ತದೆ, ಮಲಗಿದ ಮಗುವನ್ನು ಯಾರಾದರೂ ಎಬ್ಬಿಸುತ್ತಾರೆಯೇ! ಆದರೆ ಗಡಿಯಾರ ಕಟ್ಟಿದಂತೆ ಅದೇ ಹೊತ್ತಿಗೆ ಏಳುವ ಮಕ್ಕಳಲ್ಲಿ ಕೆಲಸ ಮಾಡುತ್ತದೆ. ವಾರ ತಾನಾಗಿ ಏಳದಿದ್ದರೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಎಬ್ಬಿಸಿ, ಆಮೇಲೆ ನಿಲ್ಲಿಸಿ. ಬರೆದಿಟ್ಟ ಸಮಯಗಳು ದಿನಕ್ಕೊಂದು ಥರ ಇದ್ದರೆ ಈ ದಾರಿ ಮರೆತುಬಿಡಿ.

ಇದು ನಿಜಕ್ಕೂ ಗೆಲ್ಲುವ ಜಾಗ ಬೇರೆ. ಮಲಗಿದ ಒಂದರಿಂದ ಮೂರು ಗಂಟೆಯೊಳಗೆ ಕಿಟಾರನೆ ಕಿರುಚಿ, ಕಣ್ಣು ತೆರೆದಿದ್ದರೂ ಅಮ್ಮನ ಗುರುತೇ ಹಿಡಿಯದ ಮಗುವಿದ್ದರೆ ಅದು ಕೆಟ್ಟ ಕನಸಲ್ಲ, ಆಳದ ನಿದ್ದೆ ಅರೆಬರೆ ಮುರಿದ ಸ್ಥಿತಿ. ಬೆಳಿಗ್ಗೆ ಮಗುವಿಗೆ ನೆನಪೂ ಇರುವುದಿಲ್ಲ. ದೃಷ್ಟಿ ತೆಗೆಯುವವರು ತೆಗೆಯಲಿ, ಆದರೆ ಆ ಹೊತ್ತಿಗೆ ಎಬ್ಬಿಸಿ, ಮುಖ ತೊಳೆಸಿ, ದೀಪ ಹಾಕಿ ತೆಗೆಯಬೇಡಿ, ಸಂಜೆಯೇ ಮುಗಿಸಿ. ಕಿರುಚುವಾಗ ಬಿದ್ದು ಪೆಟ್ಟಾಗದಂತೆ ಪಕ್ಕದಲ್ಲಿ ಕಾಯ್ದರೆ ಸಾಕು, ಅಲಾರಂ ಇಟ್ಟು ಅಲುಗಿಸುವುದು ಅದಕ್ಕೆ ಮುಂಚಿನ ಕೆಲಸ.

ನಾಲ್ಕರಲ್ಲಿ ಯಾವುದನ್ನು ಹಿಡಿದರೂ ಹಗಲಿನ ಲೆಕ್ಕ ತಪ್ಪಿದರೆ ಫಲವಿಲ್ಲ. 1ರಿಂದ 2 ವರ್ಷದ ಮಗುವಿಗೆ ಮಧ್ಯಾಹ್ನದ್ದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಸಂಜೆ 5ರವರೆಗೆ ಮಲಗಿದ ಮಗುವನ್ನು 8.30ಕ್ಕೆ ಮಲಗಿಸಲು ಹೊರಟರೆ ಒಂದು ಗಂಟೆ ಕುಸ್ತಿಯೇ ಗತಿ, ಮಧ್ಯಾಹ್ನದ ನಿದ್ದೆ 3.30ಕ್ಕೆ ಮುಗಿಯಲಿ. ಆದರೂ ಮಲಗಲು ಗಂಟೆ ಹಿಡಿದರೆ ಅದು ನಿಜವಾಗಿ ಮಲಗುವ ಹೊತ್ತಿಗೇ ಹಾಸಿಗೆಗೆ ಹಾಕಿ. ಹದಿನೈದು ನಿಮಿಷದಲ್ಲಿ ಮಲಗತೊಡಗಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. ಬೆಳಿಗ್ಗೆ ಏಳಿಸುವ ಹೊತ್ತು ಮಾತ್ರ ಬದಲಾಗಬಾರದು, ಭಾನುವಾರವೂ.

ರಾತ್ರಿಯ ಹಾಲಿನ ಬಾಟಲಿಯದು ಬೇರೆ ಜಗಳ. ಒಂದು ವರ್ಷ ದಾಟಿ, ತೂಕ ಸರಿಯಾಗಿ ಏರುತ್ತಿರುವ ಮಗುವಿಗೆ ನಡುರಾತ್ರಿ ಹಾಲು ಬೇಕಿಲ್ಲ. ಹಲ್ಲು ಹುಳುಕಾಗುತ್ತದೆ. ದಿನಕ್ಕೆ ಅರ್ಧ ಲೀಟರ್ ಮೀರಿದರೆ ಊಟ ಸೇರದೆ ಕಬ್ಬಿಣದಂಶವೂ ಕುಸಿಯುತ್ತದೆ. ನೀರು ಬೆರೆಸುತ್ತ ತೆಳು ಮಾಡುವವರಿದ್ದಾರೆ, ಪ್ರಮಾಣ ಇಳಿಸುವವರಿದ್ದಾರೆ. ಇಳಿಸುವುದೇ ಲೇಸು: 150 ಮಿ.ಲೀ. ಇದ್ದರೆ ಎರಡು ರಾತ್ರಿಗೊಮ್ಮೆ 30 ಕಡಿಮೆ ಮಾಡಿದರೆ ಹತ್ತು ದಿನದಲ್ಲಿ ಮುಗಿಯುತ್ತದೆ. ನೀರು ಬೆರೆಸಿದರೆ ಹಾಲು ಹೋಗುತ್ತದೆ, ಬಾಯಲ್ಲಿ ಬಾಟಲಿ ಇಟ್ಟುಕೊಂಡು ಮಲಗುವ ಚಟ ಉಳಿಯುತ್ತದೆ. ಎದೆಹಾಲಾದರೆ ಎರಡು ರಾತ್ರಿಗೊಮ್ಮೆ ಎರಡು ನಿಮಿಷ ಕಡಿತ. ಏಳೂವರೆಗೆ ತುಪ್ಪ ಹಾಕಿದ ಅನ್ನ ತೊವ್ವೆಯೋ ರಾಗಿ ಸರಿಯೋ ಹೊಟ್ಟೆ ಸೇರಿದ್ದರೆ ಹಸಿವಿನ ಅನುಮಾನವೂ ಇರುವುದಿಲ್ಲ.

ನಿದ್ದೆ ಬರಲಿ ಎಂದು ನೆಗಡಿ ಸಿರಪ್ ಕುಡಿಸುವುದು ಈ ಹೋಲಿಕೆಗೇ ಬರುವುದಿಲ್ಲ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಬೆರೆತ ಸಿರಪ್ಪನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲ್ ಮೇಲೆ ಬರೆಯುವಂತೆ 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಆದೇಶಿಸಿದ್ದಾರೆ. ಮನೆಯಲ್ಲಿರುವ ಶೀಶೆ ತಿರುಗಿಸಿ ಓದಿ.

ಸರಿಹೋದ ನಿದ್ದೆ ಮತ್ತೆ ಕೆಡುವುದೂ ಖಂಡಿತ. ಹಬ್ಬಕ್ಕೆ ಊರಿಗೆ ಹೋಗಿಬಂದಾಗ, ಜ್ವರ ಬಂದಾಗ, ಎರಡು ವರ್ಷದ ಆಸುಪಾಸಿನಲ್ಲಿ ಹಿಂದಿನ ದವಡೆ ಹಲ್ಲು ಮೂಡುವಾಗ ಮಗು ಮತ್ತೆ ಹಳೆಯದನ್ನೇ ಕೇಳುತ್ತದೆ. ಜ್ವರವಿದ್ದಷ್ಟು ದಿನ ಎತ್ತಿಕೊಳ್ಳಿ, ತೂಗಿ, ಲೆಕ್ಕ ಇಡಬೇಡಿ. ಜ್ವರ ಬಿಟ್ಟು ಎರಡು ದಿನವಾದ ಮೇಲೆ ಮೊದಲಿನಿಂದ ಶುರು ಮಾಡದೆ, ಒಂದು ಮೊಳ ದೂರದ ಚಾಪೆಯಿಂದ ಹಿಡಿಯಿರಿ.